ಕಚ್ಚು

ನಲವತ್ತೆರಡು ಗೂಡು, ಗೂಡಿಗೊಂದು ಡ್ರಾಯರು.
ದುರ್ಗಿಗುಡಿಯ ಹೋಮಿಯೋಪತಿ ಡಾಕ್ಟರು ಅಳತೆ ಬರೆದುಕೊಟ್ಟದ್ದು
ಔಷಧಿ ಚೀಟಿಯ ಬೆನ್ನಿಗೆ.
ಮೊಳೆ ಬೇಡ, ಗುಳಿಗೆಗೆ ಕಬ್ಬಿಣದ ವಾಸನೆ ಆಗದು ಅಂದರು.
ನಾಲ್ಕು ಮೂಲೆಯ ಲೆಕ್ಕದಲ್ಲಿ ನೂರ ಅರವತ್ತೆಂಟು ಕೂಡು.
ಎನ್.ಟಿ. ರಸ್ತೆಯ ನನ್ನ ಶೆಡ್ಡಿನಲ್ಲಿ ಇರುವುದು ಮೂರು ಜೊತೆ ಕೈ,
ಒಂದು ಜೊತೆ, ಉಳಿ ಹಿಡಿದರೆ ನಡುಗುತ್ತದೆ.

ಮೌನೇಶಾಚಾರ್ರು ಇದನ್ನು ಪಾರಿವಾಳದ ಬಾಲ ಗೀಲ ಅನ್ನುವವರಲ್ಲ.
ಕಚ್ಚು ಅನ್ನುತ್ತಾರೆ, ಅಷ್ಟೆ.
"ಕಚ್ಚಿದರೆ ಬಿಡಬಾರದು, ಬಿಡಿಸಿದರೆ ಗಾಯ ಆಗಬಾರದು."
ನಡುಗುವ ಕೈ ಅವರದೇ.
ಜಿಗ್ ತಗೊಳ್ಳೇ ಮಾರಾಯ್ತಿ ಅಂದವರೂ ಅವರೇ,
ಹೇಗೆ ಹೇಳಲಿ ಎಂದು ನಾನು ವಾರದಿಂದ
ಮರದ ಹೊಟ್ಟು ಗುಡಿಸುತ್ತಿದ್ದಾಗ.

ಗಾಂಧಿ ಬಜಾರಿನ ಅಂಗಡಿಯಲ್ಲಿ ಎರಡಿದ್ದವು.
ಒಂದಕ್ಕೆ ಹೊಳಪು, ಬೆಲೆಯೂ ಕಡಿಮೆ, ತಗಡಿನ ಬೆರಳು;
ಹೆಬ್ಬೆಟ್ಟಿನಲ್ಲಿ ಒತ್ತಿದೆ, ಬಾಗಿತು,
ಕೇಳಿದ್ದಕ್ಕೆಲ್ಲ ಹೂಂ ಅನ್ನುವ ನೆಂಟನ ಹಾಗೆ.
ಇನ್ನೊಂದು ಎರಕದ್ದು, ಬೂದಿ ಬಣ್ಣ, ಎತ್ತಿದರೆ ಎಳೆ ಮಗುವಿನ ಭಾರ.
ಹಿಡಿ ಎಳೆದರೆ ಹಲಗೆ ಮಿಸುಕಲಿಲ್ಲ.
"ಅಕ್ಕಾ, ಇದು ಯಾರಿಗೆ?" ಅಂದ ಹುಡುಗ,
ನನ್ನ ಹಿಂದೆ ಯಾರೋ ನಿಂತಿರಬೇಕು ಎಂದು ಕತ್ತು ಚಾಚಿ.
ಗೈಡ್ ಬುಷ್ ಕೇಳಿದೆ. ಹದಿನಾಲ್ಕು ಡಿಗ್ರಿ ಬಿಟ್ ಕೇಳಿದೆ.
ಬಿಲ್ಲು ನನ್ನ ಹೆಸರಿಗೆ ಬರೆಸಿದೆ.

ಇದರ ಸೊಕ್ಕು ಏನೆಂದರೆ
ಒಳಗಿರಬೇಕಾದ ಮುಖ ಕಟ್ಟುವಾಗ ಹೊರಗೆ ಕಾಣಬೇಕು.
ಒಂದು ಹಲಗೆ ನಿಂತು, ಒಂದು ಮಲಗಿ,
ಅರ್ಧ ಹಲ್ಲಿನಷ್ಟು ಜರುಗಿ, ಎರಡೂ ಒಂದೇ ಸಲ ಕಡಿಸಿಕೊಳ್ಳಬೇಕು.
ಫೈರೋಜ ಮೊದಲ ದಿನ ತಿರುಗಾಮುರುಗಾ ಕಟ್ಟಿದ,
ಚೆಂದದ ಎಳೆಯೆಲ್ಲ ಒಳಗೆ, ಗಂಟೆಲ್ಲ ಹೊರಗೆ.
ಆಚಾರ್ರು ನಕ್ಕು ನಕ್ಕು ಕೆಮ್ಮಿದರು.
ಆ ಪೆಟ್ಟಿಗೆಯಲ್ಲಿ ಈಗ ಅವರ ಕನ್ನಡಕ ಮಲಗುತ್ತದೆ.

ಸಿಲ್ವರ್ ಓಕಿನ ಚೂರುಗಳಲ್ಲಿ ಪರೀಕ್ಷೆ.
ಮೊದಲನೆಯದು ಸಡಿಲ, ಮುಟ್ಟಿದರೆ ಅಲ್ಲಾಡುವ ಹಾಲುಹಲ್ಲು.
ಬಿಟ್ ಇಳಿಸಿದೆ.
ಎರಡನೆಯದು ಸುತ್ತಿಗೆ ಬೇಡಿತು, ಕೊಟ್ಟೆ, ಸೀಳಿತು.
ಏರಿಸಿದೆ, ಮತ್ತೆ ಹಾಲುಹಲ್ಲು.
ಸಡಿಲವಾದರೆ ಇಳಿಸು, ಬಿಗಿಯಾದರೆ ಏರಿಸು
ಎಂದು ಗೋಡೆಯ ಮೇಲೆ ಪೆನ್ಸಿಲಲ್ಲಿ ಬರೆದಾಗ ಮೂರನೆಯ ಸಂಜೆ.
ಇಳಿಸಿದ್ದು ಅತಿ, ಏರಿಸಿದ್ದು ಸಾಲದು,
ನಡುವೆ ಉಳಿದದ್ದು ಒಂದು ಕೂದಲು,
ಅದಕ್ಕೆ ಸ್ಕ್ರೂವಿನಲ್ಲಿ ಗುರುತಿಲ್ಲ.

ಆಚಾರ್ರು ಜೇಬು ತಡಕಿದರು,
ಬೆಳಿಗ್ಗೆ ಹೊಳೆಹೊನ್ನೂರಿನಿಂದ ಬಂದ ಬಸ್ಸಿನ ಟಿಕೆಟ್.
ಉಗುರಗಲ ಹರಿದು
ಆಳದ ಕಡ್ಡಿಯ ಕೆಳಗೆ ಸಿಕ್ಕಿಸಿದರು.
ಕೂಡು ಅಂಗೈ ಗುದ್ದಿಗೆ ಕೂತಿತು, ಮ್ ಎಂದಿತು,
ಬಾಯಿ ಮುಚ್ಚಿಕೊಂಡ ಹಾಗೆ.

ಆಮೇಲೆ ನನ್ನನ್ನು ಸರಿಸಿ, ರೂಟರ್ ತಾವೇ ಹಿಡಿದರು.
ನಾನು ಸ್ವಿಚ್ಚಿನ ಹತ್ತಿರ ನಿಂತೆ,
ಕೈ ಜಾರಿದರೆ ಆರಿಸಲು.
ಬುಷ್ಷು ಎರಕದ ಬೆರಳುಗಳ ಸಂದಿನಲ್ಲಿ
ಒಳಗೆ, ಹೊರಗೆ, ಒಳಗೆ,
ನಡುಕ ಇತ್ತು, ಮೊಣಕೈವರೆಗೆ ಕಾಣುತ್ತಿತ್ತು,
ಮರಕ್ಕೆ ಮಾತ್ರ ತಿಳಿಯಲಿಲ್ಲ.
ನೂರ ಅರವತ್ತೆಂಟರಲ್ಲಿ ನೂರ ಹತ್ತು ಅವರು ಕಡಿದದ್ದು.
ಉಳಿದವು ನಾನು, ಫೈರೋಜ, ಅವರು ಚಹಾಕ್ಕೆ ಹೋದಾಗ.
ಯಾವುದು ಯಾರದೆಂದು ಈಗ ನನಗೂ ಗೊತ್ತಾಗುವುದಿಲ್ಲ.

ಡಾಕ್ಟರು ಒಂದನ್ನು ಎಳೆದರು, ತಳ್ಳಿದರು, ಮೂಸಿದರು.
ಮೂಲೆ ನೋಡಲಿಲ್ಲ.

ಆಚಾರ್ರು ಈಗ ದಿನಾ ಟಿಕೆಟ್ ಕೂಡಿಡುತ್ತಾರೆ.
ಎರಡು ಬೆರಳ ನಡುವೆ ಉಜ್ಜಿ,
ಖಾಸಗಿ ಬಸ್ಸಿನದು ದಪ್ಪ, ಸರ್ಕಾರಿಯದು ತೆಳು,
ಜೂನಿಗೆ ಮರ ಉಬ್ಬಿದಾಗ ಎರಡೂ ಬೇಕಾದೀತು ಎನ್ನುತ್ತ
ಕನ್ನಡಕದ ಪಕ್ಕ, ಆ ಗಂಟುಮುಖದ ಪೆಟ್ಟಿಗೆಯಲ್ಲಿ.